ಇವತ್ತಿನ ವೆದರ್, ನಮ್ಮೂರಿನ ಕ್ಲೈಮೇಟ್

ವಾರಾಂತ್ಯದಲ್ಲಿ ಮಡಿಕೇರಿಯ ರಾಜಾಸೀಟ್ ಹತ್ತಿರ ಸ್ವಲ್ಪ ಹೊತ್ತು ನಿಂತರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ. "ಏನ್ ಕ್ಲೈಮೇಟ್ ಗುರೂ, ಸೂಪರ್!" ಬೆಂಗಳೂರಿನಿಂದ ರಾತ್ರಿಯೆಲ್ಲ ಗಾಡಿ ಓಡಿಸಿಕೊಂಡು ಬಂದ ಹುಡುಗರು ಕಣಿವೆಯಿಂದ ಮೇಲೇಳೋ ಮಂಜು ನೋಡಿ ಹೇಳೋ ಮಾತು. ಅರ್ಧ ಗಂಟೆಯಲ್ಲಿ ಮಂಜು ಕರಗಿ ಬಿಸಿಲು ಬಿದ್ದರೆ ಅದೇ ಹುಡುಗರು "ಛೆ, ಕ್ಲೈಮೇಟ್ ಹೋಯ್ತು" ಅಂತಾರೆ. ಹೀಗೆ ಅರ್ಧ ಗಂಟೆಯಲ್ಲಿ ಬಂದು ಹೋಗೋದಕ್ಕೆ ಇಂಗ್ಲಿಷಿನವರು ಕ್ಲೈಮೇಟ್ ಅನ್ನುವುದಿಲ್ಲ, ವೆದರ್ ಅನ್ನುತ್ತಾರೆ.

ನಮ್ಮವರೇನೂ ಹಿಂದೆ ಬಿದ್ದಿಲ್ಲ. ಸುಂಟಿಕೊಪ್ಪದ ಸಂತೆಯಲ್ಲಿ ಯಾರಿಗಾದರೂ ಮೂಗು ಸೋರುತ್ತಿದ್ದರೆ "ಕ್ಲೈಮೇಟ್ ಚೇಂಜ್ ಆಯ್ತಲ್ಲ, ಅದಕ್ಕೇ" ಅಂತ ಸಮಾಧಾನ ಹೇಳುವವರು ಇದ್ದೇ ಇರುತ್ತಾರೆ. 2015ರಲ್ಲಿ ದೇಶ ದೇಶಗಳೆಲ್ಲ ಪ್ಯಾರಿಸ್‌ನಲ್ಲಿ ಸೇರಿ ಒಪ್ಪಂದ ಮಾಡಿಕೊಂಡದ್ದು ನಮ್ಮ ನೆಗಡಿಯ ವಿಚಾರಕ್ಕೇ ಅನ್ನೋ ಹಾಗೆ!

ಇದನ್ನೆಲ್ಲ ತಿದ್ದೋಕೆ ನಾನು ಹೋಗುವುದಿಲ್ಲ. ಬೇರೆ ಭಾಷೆಯ ಪದ ನಮ್ಮ ಬಾಯಿಗೆ ಬಂದ ಮೇಲೆ ನಮ್ಮ ಪದವೇ. ಕನ್ನಡದ ಮಾತಿನಲ್ಲಿ 'ಕ್ಲೈಮೇಟ್' ಅಂದರೆ ಮೈಗೆ ಹಿತವಾಗಿರೋ ತಂಪು ಅಂತ ಆಗಿಬಿಟ್ಟಿದೆ. ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ನಿಂತು "ಏನ್ ಕ್ಲೈಮೇಟ್ ಗುರೂ" ಅಂದವರನ್ನು ನಾನಂತೂ ನೋಡಿಲ್ಲ. ಆದರೆ ಆ ಎರಡು ಪದಗಳ ಮೂಲ ವ್ಯತ್ಯಾಸ ಇದೆಯಲ್ಲ, ಅದು ಕೊಡಗಿನಲ್ಲಿ ಬದುಕುವವರಿಗೆ ತುಂಬ ಬೇಕಾದದ್ದು. ಕಾಫಿ, ಮೆಣಸು, ಗದ್ದೆ, ಮನೆ, ರಸ್ತೆ ಎಲ್ಲವೂ ಅದರ ಮೇಲೆ ನಿಂತಿವೆ. ಅದಕ್ಕೇ ಇಷ್ಟುದ್ದ ಬರೆಯೋಕೆ ಕೂತಿದ್ದೇನೆ.

ವೆದರ್ ಅಂದರೆ ಈಗ, ಇಲ್ಲಿ, ಆಕಾಶದಲ್ಲಿ ಆಗುತ್ತಿರೋದು. ಇವತ್ತು ಮಧ್ಯಾಹ್ನದ ಮಳೆ, ನಾಳೆ ಬೆಳಿಗ್ಗೆಯ ಮಂಜು, ಈ ವಾರದ ಗಾಳಿ. ಕ್ಲೈಮೇಟ್ ಅಂದರೆ ಒಂದು ಜಾಗದಲ್ಲಿ ವರ್ಷಾನುಗಟ್ಟಲೆ ಆದದ್ದನ್ನೆಲ್ಲ ಕೂಡಿಸಿ ನೋಡಿದಾಗ ಕಾಣೋ ರೂಢಿ. ಎಷ್ಟು ವರ್ಷ ಕೂಡಿಸಬೇಕು? ಹವಾಮಾನ ವಿಜ್ಞಾನಿಗಳು 30 ವರ್ಷ ಅಂತ ಇಟ್ಟುಕೊಂಡಿದ್ದಾರೆ. 1935ರಲ್ಲಿ ವಾರ್ಸಾದಲ್ಲಿ ನಡೆದ ಅಂತರರಾಷ್ಟ್ರೀಯ ಸಭೆಯಲ್ಲಿ 1901ರಿಂದ 1930ರವರೆಗಿನ ಲೆಕ್ಕವನ್ನು ಮೊದಲ ಅಳತೆಗೋಲು ಮಾಡಿಕೊಂಡರು. ಈಗ ನಡೆಯುತ್ತಿರೋದು 1991ರಿಂದ 2020ರವರೆಗಿನ ಲೆಕ್ಕ. 30 ಅನ್ನೋದರಲ್ಲಿ ಮಂತ್ರವೇನೂ ಇಲ್ಲ. ಒಂದೆರಡು ಬರಗಾಲ, ಒಂದೆರಡು ಅತಿವೃಷ್ಟಿ ಬಂದು ಹೋದರೂ ಸರಾಸರಿ ಅತ್ತಿತ್ತ ವಾಲದಷ್ಟು ಉದ್ದ ಇರಬೇಕು, ಅಷ್ಟೇ.

ಅಂದರೆ ವೆದರ್ ಕಣ್ಣಿಗೆ ಕಾಣುತ್ತದೆ, ಮೈಗೆ ತಾಗುತ್ತದೆ. ಕ್ಲೈಮೇಟನ್ನು ಯಾರೂ ಕಣ್ಣಾರೆ ಕಂಡಿಲ್ಲ. ಅದು ಇರೋದು ಪುಸ್ತಕದಲ್ಲಿ.

ನಮ್ಮನೆಯಲ್ಲಿ ಅಂಥದ್ದೊಂದು ಪುಸ್ತಕ ಇದೆ. ಕೊಡಗಿನ ಕಾಫಿ ತೋಟದವರ ಮನೆಗಳಲ್ಲಿ ಇದು ಹೊಸದೇನಲ್ಲ. ಅಂಗಳದ ಬಯಲಿನಲ್ಲಿ, ಮರದ ಹನಿ ಬೀಳದ ಕಡೆ, ಒಂದು ಮಳೆಮಾಪಕ. ತಗಡಿನ ಡಬ್ಬ, ಮೇಲೆ ಆಲಿಕೆ, ಒಳಗೆ ಬಾಟಲಿ. ಬೆಳಿಗ್ಗೆ ಕಾಫಿ ಕುಡಿದವರೇ ಅಪ್ಪ ಚಪ್ಪಲಿ ಮೆಟ್ಟಿಕೊಂಡು ಅಲ್ಲಿಗೆ ಹೋಗುತ್ತಿದ್ದರು. ಬಾಟಲಿಯ ನೀರನ್ನು ಗೆರೆ ಎಳೆದ ಗಾಜಿನ ಜಾಡಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಬೇಕು. ಗಾಜಿನ ಅಂಚಿನಲ್ಲಿ ನೀರು ಸ್ವಲ್ಪ ಮೇಲಕ್ಕೆ ಹತ್ತಿಕೊಂಡಿರುತ್ತದೆ, ನಡುವೆ ತಗ್ಗು. ಆ ತಗ್ಗಿನ ತಳ ಯಾವ ಗೆರೆಗೆ ಬಂದಿದೆಯೋ ಅದೇ ಅಳತೆ. ಅಂಚು ನೋಡಿ ಓದಿದರೆ ಮಳೆ ಸುಮ್ನೆ ಜಾಸ್ತಿ ಆಗಿಬಿಡುತ್ತದೆ. ಓದಿ ಆದ ಮೇಲೆ ನೀರು ಚೆಲ್ಲಿ, ಬಾಟಲಿ ಬೋರಲು ಹಾಕಿ ಒದರಿ, ಮತ್ತೆ ಒಳಗಿಡೋದು.

ನಮ್ಮ ಅಳತೆ ಇಂಚು ಮತ್ತು ಸೆಂಟ್. 100 ಸೆಂಟ್ ಸೇರಿದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಹವಾಮಾನ ಇಲಾಖೆ ಮಿಲಿಮೀಟರಿನಲ್ಲಿ ಮಾತಾಡುತ್ತದೆ, ಕೊಡಗು ಇನ್ನೂ ಇಂಚಿನಲ್ಲೇ ಇದೆ. "ನಿಮ್ಮಲ್ಲಿ ನಿನ್ನೆ ಎಷ್ಟು?" "ಒಂದೂ ನಲವತ್ತು. ನಿಮ್ಮಲ್ಲಿ?" "ನಮ್ಮಲ್ಲಿ ಬರೀ ಅರವತ್ತು ಸೆಂಟ್." ಪೇಟೆಯಲ್ಲಿ ಇಬ್ಬರು ತೋಟದವರು ಎದುರಾದರೆ ಮೊದಲು ವಿನಿಮಯ ಆಗೋದು ಇದು, ಮನೆ ಮಂದಿಯ ಕ್ಷೇಮ ಸಮಾಚಾರ ಆಮೇಲೆ. ದೊಡ್ಡ ತೋಟಗಳಲ್ಲಿ ಈ ಕೆಲಸ ರೈಟರ್, ಅಂದರೆ ತೋಟದ ಗುಮಾಸ್ತ, ಮಾಡುತ್ತಾರೆ. ನಮ್ಮಂಥ ಸಣ್ಣ ತೋಟದಲ್ಲಿ ಯಜಮಾನನೇ ರೈಟರ್.

ಅಪ್ಪನ ಪುಸ್ತಕದಲ್ಲಿ ಒಂದೊಂದು ಸಾಲು ಒಂದೊಂದು ದಿನದ ವೆದರ್. ದಿನಾಂಕ, ಇಂಚು, ಸೆಂಟ್. ಪಕ್ಕದ ಕಾಲಂನಲ್ಲಿ ಎರಡು ಮೂರು ಪದ: 'ಹೂಮಳೆ', 'ಗುಡುಗು ಮಾತ್ರ', 'ಗಾಳಿಗೆ ಬಾಳೆ ಬಿತ್ತು'. ಒಂದು ಪುಟ ಓದಿದರೆ ಏನೂ ತಿಳಿಯುವುದಿಲ್ಲ. ಎಷ್ಟೋ ವರ್ಷಗಳ ಮಾರ್ಚ್ ತಿಂಗಳುಗಳನ್ನು ಮಾತ್ರ ಒಟ್ಟಿಗೆ ತೆರೆದಿಟ್ಟುಕೊಂಡರೆ ಆಗ ನಿಧಾನಕ್ಕೆ ಏನೋ ಒಂದು ಕಾಣತೊಡಗುತ್ತದೆ. ಆ ಕಾಣೋದೇ ಕ್ಲೈಮೇಟ್.

ಓದು ಬರಹ ಇಲ್ಲದ ಕಾಲದಲ್ಲಿ ಇದನ್ನು ಹೇಗೆ ನೆನಪಿಟ್ಟುಕೊಳ್ಳುತ್ತಿದ್ದರು? ಗಾದೆಯಲ್ಲಿ. ನಮ್ಮ ಮಳೆ ನಕ್ಷತ್ರಗಳ ಲೆಕ್ಕ ಇದೆಯಲ್ಲ, ಅದಕ್ಕಿಂತ ಒಳ್ಳೆಯ ಕ್ಲೈಮೇಟ್ ಪುಸ್ತಕ ಇನ್ನೊಂದಿಲ್ಲ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಸುಮಾರು 13-14 ದಿನ ಇರುತ್ತಾನೆ. ಏಪ್ರಿಲ್ ಕೊನೆಗೆ ಭರಣಿ, ಜೂನ್ ಮೂರನೇ ವಾರ ದಾಟಿದ ಮೇಲೆ ಆರಿದ್ರ, ಆಮೇಲೆ ಪುನರ್ವಸು, ಪುಷ್ಯ, ಆಗಸ್ಟ್ ಶುರುವಿಗೆ ಆಶ್ಲೇಷ, ಅದರ ಹಿಂದೆ ಮಖೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ. ಆರಿದ್ರ ಮಳೆ ಆರದೆ ಹುಯ್ಯುತ್ತೆ. ಮಖೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು. ಈ ಗಾದೆಗಳು ಯಾವ ಒಂದು ವರ್ಷದ ಬಗ್ಗೆಯೂ ಮಾತಾಡುತ್ತಿಲ್ಲ. ತಲೆಮಾರುಗಳ ಸರಾಸರಿಯನ್ನು ನಾಲ್ಕು ಪದಕ್ಕೆ ಇಳಿಸಿವೆ. ಈ ವರ್ಷದ ಆರಿದ್ರ ಆರಿಕೊಂಡೇ ಹೋಯಿತು ಅಂದರೆ ಗಾದೆ ಸುಳ್ಳಾಗಲಿಲ್ಲ. ಅದು ಈ ವರ್ಷದ ವೆದರ್. ಆದರೆ ಹತ್ತರಲ್ಲಿ ಏಳೆಂಟು ವರ್ಷ ಹಾಗೇ ಆಗತೊಡಗಿದರೆ ಗಾದೆಯನ್ನೇ ತಿದ್ದಬೇಕಾಗುತ್ತದೆ.

ಕೊಡಗಿನ ಹಬ್ಬಗಳೂ ಇದೇ ಲೆಕ್ಕದ ಮೇಲೆ ನಿಂತಿವೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಕಕ್ಕಡ. ಜಡಿಮಳೆಯ ತಿಂಗಳು, ಗದ್ದೆ ನಾಟಿಯ ತಿಂಗಳು. ಕಕ್ಕಡದ 18ನೇ ದಿನ, ಆಗಸ್ಟ್ 3ರಂದು, ಮದ್ದು ಸೊಪ್ಪಿನ ಪಾಯಸ. ಸೊಪ್ಪನ್ನು ಬೇಯಿಸಿದರೆ ನೀರು ಕಡು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಆ ದಿನ ಸೊಪ್ಪಿನಲ್ಲಿ 18 ಬಗೆಯ ಔಷಧ ಸೇರಿರುತ್ತದೆ ಅನ್ನೋ ನಂಬಿಕೆ. ಮಾರನೇ ದಿನ ಮೂತ್ರದ ಬಣ್ಣವೂ ಬದಲಾಗುತ್ತದೆ, ಮೊದಲ ಸಲ ತಿಂದ ಹೊರಗಿನವರು ಗಾಬರಿಯಾಗೋದು ಇಲ್ಲಿನ ಹಳೇ ತಮಾಷೆ. ನಾಟಿ ಮುಗಿದ ಮೇಲೆ ಸೆಪ್ಟೆಂಬರ್‌ನಲ್ಲಿ ಆಯುಧ ಪೂಜೆಯ ಕೈಲ್‌ಪೊಳ್ದ್, ಭತ್ತ ತೆನೆ ಕಟ್ಟಿದ ಮೇಲೆ ಸುಗ್ಗಿಯ ಪುತ್ತರಿ. ಯಾರೋ ಮೋಡ ನೋಡಿ ಈ ವರ್ಷ ಯಾವಾಗ ಮಾಡೋಣ ಅಂತ ನಿಶ್ಚಯಿಸಿದ ಹಬ್ಬಗಳಲ್ಲ ಇವು. ಮಳೆ ಹೀಗೇ ಬರುತ್ತದೆ ಅನ್ನೋ ಭರವಸೆಯ ಮೇಲೆ ಕಟ್ಟಿದ ಹಬ್ಬಗಳು.

ಹಾಗಾದರೆ ಕನ್ನಡದಲ್ಲಿ ಈ ಎರಡಕ್ಕೂ ಬೇರೆ ಬೇರೆ ಪದ ಇಲ್ಲವಾ? ಇವೆ. ಶಾಲೆಯ ಸಮಾಜ ವಿಜ್ಞಾನದ ಪುಸ್ತಕದಲ್ಲಿ ವೆದರ್‌ಗೆ ಹವಾಮಾನ, ಕ್ಲೈಮೇಟ್‌ಗೆ ವಾಯುಗುಣ. ಹವಾಗುಣ ಅಂತಲೂ ಬರೆಯುತ್ತಾರೆ. ಎಷ್ಟು ಚೆನ್ನಾಗಿ ಬೇರ್ಪಡಿಸಿದ್ದಾರೆ ನೋಡಿ. ಮಾನ ಅಂದರೆ ಅಳತೆ. ಗುಣ ಅಂದರೆ ಸ್ವಭಾವ. ಮನುಷ್ಯ ಇವತ್ತು ಸಿಡುಕಿದ, ನಾಳೆ ನಕ್ಕ, ಅದನ್ನೇ ಅವನ ಗುಣ ಅನ್ನುವುದಿಲ್ಲ. ವರ್ಷಗಟ್ಟಲೆ ಒಡನಾಡಿದ ಮೇಲೆ ಹೇಳೋ ಮಾತು ಅದು. ಕ್ಲೈಮೇಟ್ ಅಂದರೆ ಗಾಳಿ ಮಳೆಯ ಗುಣ. ಇಂಗ್ಲಿಷಿನ ಎರಡು ಪದಗಳಲ್ಲಿ ಇಷ್ಟು ಸಲೀಸಾಗಿ ಅರ್ಥ ಹೊಳೆಯುವುದಿಲ್ಲ.

ಇಷ್ಟಿದ್ದೂ ನಾವು ಅದನ್ನು ಕಲಸಿಬಿಟ್ಟೆವು. ಪತ್ರಿಕೆಗಳು, ಟಿವಿಯವರು ಕ್ಲೈಮೇಟ್ ಚೇಂಜ್‌ಗೆ 'ಹವಾಮಾನ ಬದಲಾವಣೆ' ಅಂತ ಬಳಸಿ ಬಳಸಿ ಅದೇ ಗಟ್ಟಿಯಾಯಿತು. ಹವಾಮಾನ ಇಲಾಖೆಯೂ ಹವಾಮಾನ, ಹವಾಮಾನ ವರದಿಯೂ ಹವಾಮಾನ, ಹವಾಮಾನ ಬದಲಾವಣೆಯೂ ಹವಾಮಾನ. ಕೇಳಿದವರಿಗೆ ಏನನ್ನಿಸಬೇಕು? "ಹವಾಮಾನ ಬದಲಾಗೋದು ಇದ್ದದ್ದೇ ಅಲ್ವಾ, ದಿನಾ ಬದಲಾಗುತ್ತೆ" ಅನ್ನಿಸುತ್ತದೆ. ನಮ್ಮ ಚಿಕ್ಕಪ್ಪ ಇದನ್ನೇ ಹೇಳುತ್ತಾರೆ, ಅವರ ಮಾತಿನಲ್ಲಿ ತಪ್ಪೂ ಇಲ್ಲ. ಅದೇ 'ಹವಾಗುಣ ಬದಲಾವಣೆ' ಅಂದು ನೋಡಿ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವವರು ನಾವು. ಗುಣವೇ ಬದಲಾಗುತ್ತಿದೆ ಅಂದರೆ ಯಾರಾದರೂ ಕಿವಿ ನಿಮಿರಿಸುತ್ತಾರೆ. ಈ ಒಂದು ವಿಚಾರದಲ್ಲಿ ಮಾತ್ರ ನಾನು ಸ್ವಲ್ಪ ಹಟಮಾರಿ. ಪತ್ರಿಕೆಯವರು ಹವಾಗುಣಕ್ಕೆ ಮರಳಲಿ ಅಂತ ನನ್ನ ಆಸೆ.

ಇಂಗ್ಲಿಷಿಗೆ ಬರೋಣ. ವೆದರ್ ಹಳೇ ಇಂಗ್ಲಿಷಿನ ಮನೆಮಾತು, ಜರ್ಮನ್ ಭಾಷೆಯ 'ವೆಟರ್' ಅದರ ಸೋದರ. ಕ್ಲೈಮೇಟ್ ಗ್ರೀಕರಿಂದ ಲ್ಯಾಟಿನ್, ಫ್ರೆಂಚ್ ದಾಟಿ ಬಂದದ್ದು. ಗ್ರೀಕಿನ 'ಕ್ಲಿಮಾ' ಅಂದರೆ ಇಳಿಜಾರು, ಓರೆ. ಸಮಭಾಜಕದಿಂದ ಧ್ರುವದ ಕಡೆಗೆ ಹೋಗುತ್ತಾ ಸೂರ್ಯನ ಓರೆ ಹೆಚ್ಚುತ್ತದೆ, ಹಗಲಿನ ಉದ್ದ ಬದಲಾಗುತ್ತದೆ. ವರ್ಷದ ಅತಿ ಉದ್ದದ ಹಗಲು ಎಷ್ಟು ಗಂಟೆ ಅನ್ನೋದರ ಮೇಲೆ ಗ್ರೀಕರು ಭೂಮಿಯನ್ನು ಪಟ್ಟಿ ಪಟ್ಟಿಯಾಗಿ ವಿಂಗಡಿಸಿದ್ದರು. ಆ ಪಟ್ಟಿಯೇ ಕ್ಲಿಮಾ. ಮೊದಲು ಜಾಗದ ಹೆಸರಾಗಿದ್ದದ್ದು ಆಮೇಲೆ ಆ ಜಾಗದ ಬಿಸಿಲು ಮಳೆಯ ರೀತಿಗೆ ಅಂಟಿಕೊಂಡಿತು.

ಇಳಿಜಾರು ಅನ್ನೋ ಈ ಹಳೇ ಅರ್ಥ ಕೊಡಗಿಗೆ ಹೇಳಿ ಮಾಡಿಸಿದ ಹಾಗಿದೆ. ನಮ್ಮ ಜಿಲ್ಲೆಯ ಕ್ಲೈಮೇಟ್ ನಿಶ್ಚಯವಾಗೋದೇ ಇಳಿಜಾರಿನಿಂದ. ಅರಬ್ಬೀ ಸಮುದ್ರದಿಂದ ಬಂದ ಮುಂಗಾರಿನ ಗಾಳಿ ಪಶ್ಚಿಮಘಟ್ಟಕ್ಕೆ ಬಡಿದು ಮೇಲೇರುತ್ತದೆ, ಮೇಲೇರಿದ ಗಾಳಿ ತಣಿಯುತ್ತದೆ, ತಣಿದದ್ದು ಮಳೆಯಾಗಿ ಸುರಿಯುತ್ತದೆ. ಘಟ್ಟದ ತಲೆ ದಾಟಿ ಪೂರ್ವಕ್ಕೆ ಇಳಿಯೋ ಹೊತ್ತಿಗೆ ಗಾಳಿ ಬರಿದಾಗಿರುತ್ತದೆ. ಅದಕ್ಕೇ ಭಾಗಮಂಡಲದ ಕಡೆ ಬೀಳೋ ಮಳೆ ಕುಶಾಲನಗರದ ಮಳೆಯ ಹಲವು ಪಟ್ಟು. ಎರಡು ಗಂಟೆಯ ದಾರಿ ಅಷ್ಟೇ. ಅಲ್ಲಿ ಕಂಬಳಿ ಕೊಪ್ಪೆ, ಇಲ್ಲಿ ಜೋಳದ ಹೊಲ. 'ಕೊಡಗಿನ ಕ್ಲೈಮೇಟ್' ಅಂತ ಒಂದೇ ಇದೆ ಅಂದುಕೊಳ್ಳೋದು ಪ್ರವಾಸದ ಜಾಹೀರಾತಿನವರಿಗೆ ಮಾತ್ರ ಸಾಧ್ಯ. ಭಾರತದ ಸ್ಕಾಟ್ಲೆಂಡ್ ಅಂತ ಬೋರ್ಡ್ ಹಾಕುವವರು ಜುಲೈನಲ್ಲಿ ಒಮ್ಮೆ ಬಂದು ಬಟ್ಟೆ ಒಣಗಿಸಿ ನೋಡಲಿ.

ಬಳಕೆಯ ಸೂಕ್ಷ್ಮಗಳನ್ನೂ ಹೇಳಿಬಿಡುತ್ತೇನೆ, ಇಂಗ್ಲಿಷ್ ಪರೀಕ್ಷೆ ಬರೆಯೋ ಮಕ್ಕಳಿದ್ದರೆ ಉಪಯೋಗಕ್ಕೆ ಬರಲಿ. ವೆದರ್ ಸಾಮಾನ್ಯವಾಗಿ ಎಣಿಕೆಗೆ ಸಿಗದ ಪದ. 'ಎ ನೈಸ್ ವೆದರ್' ಅನ್ನಬಾರದು, ಬರೀ 'ನೈಸ್ ವೆದರ್'. ಕ್ಲೈಮೇಟ್ ಎಣಿಕೆಗೆ ಸಿಗುತ್ತದೆ, 'ಎ ಕೂಲ್ ಕ್ಲೈಮೇಟ್' ಸರಿ. ವೆದರ್ ಕ್ರಿಯಾಪದವೂ ಹೌದು. ಬಿರುಗಾಳಿಗೆ ಸಿಕ್ಕಿದ ಹಡಗು ಮುಳುಗದೆ ಪಾರಾದರೆ ಅದು ಬಿರುಗಾಳಿಯನ್ನು 'ವೆದರ್' ಮಾಡಿತು ಅನ್ನುತ್ತಾರೆ. ಕಷ್ಟ ತಾಳಿಕೊಂಡು ಬಂದವರಿಗೂ ಅದೇ ಮಾತು. ಮೈ ಹುಷಾರಿಲ್ಲದಿದ್ದರೆ 'ಅಂಡರ್ ದ ವೆದರ್'. ಸುಖ ಇದ್ದಾಗ ಮಾತ್ರ ಬರೋ ಸ್ನೇಹಿತ 'ಫೇರ್ ವೆದರ್ ಫ್ರೆಂಡ್'. ಕ್ಲೈಮೇಟ್‌ಗೆ ಇಂಥ ಮನೆಬಳಕೆ ಕಮ್ಮಿ, ಅದು ಸ್ವಲ್ಪ ದೊಡ್ಡ ಜನರ ಸಹವಾಸದ ಪದ. 'ಪೊಲಿಟಿಕಲ್ ಕ್ಲೈಮೇಟ್', 'ಎಕನಾಮಿಕ್ ಕ್ಲೈಮೇಟ್', 'ಎ ಕ್ಲೈಮೇಟ್ ಆಫ್ ಫಿಯರ್'. ಈ ಜಾಗದಲ್ಲಿ ವೆದರ್ ಹಾಕೋದಿಲ್ಲ. ಯಾಕೆಂದರೆ ಭಯದ ವಾತಾವರಣ ಅನ್ನೋದು ಒಂದು ದಿನದ್ದಲ್ಲ, ಊರಿಗೆ ಅಂಟಿಕೊಂಡದ್ದು. ಇನ್ನು ಕ್ಲೈಮ್ಯಾಟಿಕ್ ಬೇರೆ, ಕ್ಲೈಮ್ಯಾಕ್ಟಿಕ್ ಬೇರೆ. ಎರಡನೆಯದು ಸಿನಿಮಾದ ಕೊನೆಯ ಫೈಟಿಗೆ ಸೇರಿದ್ದು.

ಒಂದು ತಮಾಷೆ ಇದೆ. ಬಂಡೆ ಮಳೆ ಬಿಸಿಲಿಗೆ ಸವೆದು, ಕೊಳೆತು, ಮಣ್ಣಾಗೋದಕ್ಕೆ ಇಂಗ್ಲಿಷಿನಲ್ಲಿ 'ವೆದರಿಂಗ್'. ಆದರೆ ಒಂದು ದಿನದ ವೆದರ್‌ನಿಂದ ಬಂಡೆಗೆ ಏನೂ ಆಗುವುದಿಲ್ಲ. ಲಕ್ಷಾಂತರ ವರ್ಷಗಳ ಕ್ಲೈಮೇಟ್ ಮಾಡಿದ ಕೆಲಸಕ್ಕೆ ವೆದರ್‌ನ ಹೆಸರು. ನಮ್ಮ ಗುಡ್ಡಗಳಲ್ಲಿ ಮೇಲಿನ ಕೆಂಪು ಮಣ್ಣಿನ ಕೆಳಗೆ ಬಿಳಿಚಿದ, ನುಣುಪಾದ ಮಣ್ಣು ಆಳಕ್ಕೆ ಇರುತ್ತದೆ. ಒಂದು ಕಾಲದಲ್ಲಿ ಬಂಡೆಯಾಗಿದ್ದದ್ದೇ ಅದು. ಒಣಗಿದ್ದಾಗ ಗಟ್ಟಿ, ನೀರು ಕುಡಿದರೆ ಬೆಣ್ಣೆ.

2018ರ ಆಗಸ್ಟಿನಲ್ಲಿ ಕುಸಿದದ್ದು ಇಂಥ ಗುಡ್ಡಗಳೇ. ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು, ಕಾಲೂರು, ಹಟ್ಟಿಹೊಳೆ. ಈ ಹೆಸರುಗಳನ್ನು ಕೊಡಗಿನವರಿಗೆ ವಿವರಿಸಬೇಕಾಗಿಲ್ಲ. 2019ರಲ್ಲಿ ತೋರ ಗ್ರಾಮ, 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಆಗ ಎರಡು ಬಗೆಯ ಮಾತು ಕೇಳಿಬಂತು. ಒಂದು, "ಮಳೆ ಅಂದ ಮೇಲೆ ಒಂದು ವರ್ಷ ಜಾಸ್ತಿ ಬರುತ್ತೆ, ಹಿಂದೆಯೂ ಬಂದಿತ್ತು". ಅಂದರೆ ಇದು ಬರೀ ವೆದರ್. ಇನ್ನೊಂದು, "ಎಲ್ಲ ಹವಾಮಾನ ವೈಪರೀತ್ಯ". ಅಂದರೆ ಎಲ್ಲವೂ ಕ್ಲೈಮೇಟ್, ನಮ್ಮ ಕೈಯಲ್ಲಿ ಏನೂ ಇಲ್ಲ.

ಎರಡೂ ಸುಲಭದ ಮಾತುಗಳು. ಒಂದು ದಿನದ ಮಳೆಯನ್ನು ಕ್ಲೈಮೇಟ್ ಹುಟ್ಟಿಸಿತು ಅನ್ನೋಕೆ ಬರುವುದಿಲ್ಲ, ನಿಜ. ಆದರೆ ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 7 ಶೇಕಡಾ ಜಾಸ್ತಿ ನೀರಿನ ಆವಿ ಹಿಡಿಯಬಲ್ಲದು. ಇದು ಭೌತಶಾಸ್ತ್ರದ ಹಳೇ ಲೆಕ್ಕ. 1850-1900ರ ಹೊತ್ತಿಗೆ ಹೋಲಿಸಿದರೆ 2011-2020ರ ದಶಕದಲ್ಲಿ ಭೂಮಿ ಸುಮಾರು 1.1 ಡಿಗ್ರಿ ಬಿಸಿಯಾಗಿದೆ. ಸುರಿಯೋ ದಿನ ಬಂದಾಗ ಸುರಿಯೋಕೆ ಮೇಲೆ ಸರಕು ಜಾಸ್ತಿ ಇರುತ್ತದೆ. ಕ್ಲೈಮೇಟ್ ಇಷ್ಟು ಮಾಡಿತು. ಆದರೆ ಗುಡ್ಡದ ಬುಡವನ್ನು ಜೆಸಿಬಿ ತಂದು ನೆಟ್ಟಗೆ ಕಡಿದು, ಮೇಲೆ ಮನೆ, ಕೆಳಗೆ ರಸ್ತೆ ಮಾಡಿದ್ದು ಕ್ಲೈಮೇಟ್ ಅಲ್ಲ. ಕುಸಿತದ ಜಾಗಗಳನ್ನು ನೋಡಿದ ಭೂವಿಜ್ಞಾನಿಗಳು ಇಳಿಜಾರನ್ನು ಬೇಕಾಬಿಟ್ಟಿ ಕತ್ತರಿಸಿದ್ದನ್ನೂ ಕಾರಣವಾಗಿ ತೋರಿಸಿದರು. 'ವೈಪರೀತ್ಯ' ಅನ್ನೋ ಪದ ಆ ಜೆಸಿಬಿಯನ್ನು ಮರೆಮಾಚುತ್ತದೆ. ನನಗೆ ಅದರ ಮೇಲೆ ಸಿಟ್ಟು ಬರೋದು ಅದಕ್ಕೇ.

ಚಿಕ್ಕಪ್ಪನ ಇನ್ನೊಂದು ವಾದ ಇದೆ. "ನಾಡಿದ್ದು ಮಳೆ ಬರುತ್ತೋ ಇಲ್ಲವೋ ಅಂತ ಸರಿಯಾಗಿ ಹೇಳೋಕಾಗಲ್ಲ ಇವರಿಗೆ. ಐವತ್ತು ವರ್ಷದ ಮೇಲಿನದ್ದು ಹೇಳ್ತಾರಂತೆ!" ರೆಡ್ ಅಲರ್ಟ್ ಕೊಟ್ಟು, ಶಾಲೆಗೆ ರಜೆ ಸಾರಿ, ಆ ದಿನ ಬೆಳ್ಳನೆ ಬಿಸಿಲು ಬಿದ್ದರಂತೂ ಅವರನ್ನು ಹಿಡಿಯೋಕಾಗುವುದಿಲ್ಲ. ಮಕ್ಕಳಿಗೆ ಮಾತ್ರ ಇಲಾಖೆಯ ಮೇಲೆ ಬಹಳ ಅಭಿಮಾನ.

ಅಲರ್ಟಿನ ಲೆಕ್ಕ ಸ್ವಲ್ಪ ತಿಳಿದಿರಬೇಕು. 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಇಲಾಖೆಯ ಭಾಷೆಯಲ್ಲಿ ಭಾರೀ ಮಳೆ, 115.6ರಿಂದ ಅತಿ ಭಾರೀ, 204.4 ದಾಟಿದರೆ ಅತ್ಯಂತ ಭಾರೀ. ನಮ್ಮ ಲೆಕ್ಕದಲ್ಲಿ ಎರಡೂವರೆ ಇಂಚು, ನಾಲ್ಕೂವರೆ ಇಂಚು, ಎಂಟು ಇಂಚು. ಜುಲೈನ ಭಾಗಮಂಡಲದಲ್ಲಿ ನಾಲ್ಕೂವರೆ ಇಂಚಿಗೆ ಯಾರೂ ಕಾಫಿ ಲೋಟ ಕೆಳಗಿಡುವುದಿಲ್ಲ. ಅದೇ ಮಳೆ ಕುಶಾಲನಗರದಲ್ಲಿ ಬಿದ್ದರೆ ಬಡಾವಣೆಗಳಿಗೆ ನೀರು ನುಗ್ಗುತ್ತದೆ. ಅದೇ ವೆದರ್, ಬೇರೆ ಕ್ಲೈಮೇಟ್.

ಇನ್ನು ಐವತ್ತು ವರ್ಷದ ಪ್ರಶ್ನೆ. 1961ರಲ್ಲಿ ಅಮೆರಿಕದ ಎಡ್ವರ್ಡ್ ಲೊರೆನ್ಜ್ ಅನ್ನೋ ಹವಾಮಾನ ವಿಜ್ಞಾನಿ ಕಂಪ್ಯೂಟರಿನಲ್ಲಿ ಗಾಳಿಯ ಚಲನೆಯ ಲೆಕ್ಕ ಓಡಿಸುತ್ತಿದ್ದ. ಒಂದು ಲೆಕ್ಕವನ್ನು ಮತ್ತೆ ಓಡಿಸುವಾಗ 0.506127 ಅನ್ನೋ ಸಂಖ್ಯೆಯ ಬದಲು 0.506 ಅಂತ ಕೊಟ್ಟ. ಕೂದಲೆಳೆಯ ವ್ಯತ್ಯಾಸ. ಸ್ವಲ್ಪ ದೂರ ಎರಡೂ ಲೆಕ್ಕ ಜೊತೆಯಾಗಿ ಹೋದವು, ಆಮೇಲೆ ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಬೇರೆಯಾದವು. ವೆದರ್ ಹೀಗೆ. ಇವತ್ತಿನ ಸ್ಥಿತಿಯನ್ನು ಎಷ್ಟು ನಿಖರವಾಗಿ ಅಳೆದರೂ ಸಣ್ಣ ಕೊರತೆ ಉಳಿಯುತ್ತದೆ, ಎರಡು ವಾರದ ಹೊತ್ತಿಗೆ ಆ ಕೊರತೆ ಬೆಳೆದು ಲೆಕ್ಕವನ್ನೇ ನುಂಗುತ್ತದೆ. ಕ್ಲೈಮೇಟಿನ ಪ್ರಶ್ನೆ ಬೇರೆ. ಅದಕ್ಕೆ ಇವತ್ತಿನ ಮೋಡ ಎಲ್ಲಿದೆ ಅಂತ ಬೇಕಿಲ್ಲ. ಬಿಸಿಲು ಎಷ್ಟು ಒಳಬರುತ್ತದೆ, ಕಾವು ಎಷ್ಟು ಹೊರಹೋಗುತ್ತದೆ, ಸಮುದ್ರ ಎಷ್ಟು ಬಿಸಿಯಾಗಿದೆ ಅನ್ನೋದು ಸಾಕು. ಬರೋ ವರ್ಷ ಆಗಸ್ಟ್ 3ರ ಮಧ್ಯಾಹ್ನ ನಾಪೋಕ್ಲಿನಲ್ಲಿ ಮಳೆ ಬರುತ್ತಾ? ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಆದರೆ ಬರೋ ವರ್ಷದ ಆಗಸ್ಟಿನಲ್ಲಿ ಫೆಬ್ರವರಿಗಿಂತ ಜಾಸ್ತಿ ಮಳೆ ಬರುತ್ತಾ? ತೋಟ ಪಣ ಇಡುತ್ತೇನೆ. ಚಿಕ್ಕಪ್ಪನೂ ಇಡುತ್ತಾರೆ. ಹತ್ತಿರದ್ದು ಗೊತ್ತಿಲ್ಲದೆಯೂ ದೂರದ್ದು ಗೊತ್ತಿರೋದು ಅಂದರೆ ಇದೇ.

ಈಗ ನಮ್ಮ ಹೊಟ್ಟೆಪಾಡಿನ ವಿಷಯ. ರೊಬಸ್ಟಾ ಕಾಫಿ ಗಿಡ ಮೊಗ್ಗು ಕಟ್ಟಿಕೊಂಡು ಬೇಸಿಗೆಯ ಒಣಹವೆಯಲ್ಲಿ ಕಾಯುತ್ತದೆ. ಫೆಬ್ರವರಿ ಕೊನೆಗೋ ಮಾರ್ಚಿನಲ್ಲೋ ಒಂದು ಒಳ್ಳೇ ಮಳೆ, ಕಡೇಪಕ್ಷ ಒಂದು ಇಂಚು, ಬಂದರೆ ಎಂಟು ಹತ್ತು ದಿನಕ್ಕೆ ತೋಟವಿಡೀ ಬೆಳ್ಳಗಾಗುತ್ತದೆ. ಇದೇ ಹೂಮಳೆ. ಹೂ ಬಿಟ್ಟ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ ಬೇಕು, ಅದು ಬ್ಯಾಕಿಂಗ್. ಹೂಮಳೆ ಬರೀ 30 ಸೆಂಟ್ ಬಂದು ಹೋದರೆ ಬಾರದಿದ್ದದ್ದಕ್ಕಿಂತ ಕೆಟ್ಟದ್ದು. ಮೊಗ್ಗು ಅರ್ಧ ಎಚ್ಚರವಾಗಿ ಕೆಡುತ್ತದೆ. ಹೂ ಅರಳಿದ ದಿನವೇ ಮಳೆ ಬಿದ್ದರೂ ಕಷ್ಟ, ಪರಾಗ ತೊಳೆದುಹೋಗುತ್ತದೆ. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು, ಗಾಳಿ ಜೇನು ಓಡಾಡಬೇಕು.

ಮಾರ್ಚಿನಲ್ಲಿ ಹೂಮಳೆ ಬರುತ್ತದೆ ಅನ್ನೋದು ಕ್ಲೈಮೇಟ್. ಆ ನಂಬಿಕೆಯ ಮೇಲೆಯೇ ನಮ್ಮ ಹಿರಿಯರು ಇಲ್ಲಿ ಕಾಫಿ ಹಾಕಿದ್ದು. ಈ ಮಾರ್ಚಿನಲ್ಲಿ ಬಂತಾ ಅನ್ನೋದು ವೆದರ್. ಬರದಿದ್ದರೆ ಸ್ಪ್ರಿಂಕ್ಲರ್. ಕೆರೆಯಿಂದ ಡೀಸೆಲ್ ಪಂಪ್ ಹಚ್ಚಿ, ರಾತ್ರಿ ಹಗಲು ಪೈಪ್ ಬದಲಿಸಿ, ದುಡ್ಡು ಸುರಿದು ಒಂದು ದಿನದ ವೆದರನ್ನು ನಾವೇ ತಯಾರು ಮಾಡೋದು. ಮೊದಲೆಲ್ಲ ಸ್ಪ್ರಿಂಕ್ಲರ್ ಅಂದರೆ ದೊಡ್ಡ ತೋಟದವರ ಸಾಮಾನು. ಈಗ ಸಣ್ಣವರೂ ಸಾಲ ಮಾಡಿ ತಂದಿಟ್ಟುಕೊಳ್ಳುತ್ತಾರೆ. ಸಾಲ ಮಾಡಿ ಪಂಪ್ ತರುವವನು ಒಂದು ವರ್ಷದ ವೆದರ್ ನೋಡಿ ತರುವುದಿಲ್ಲ. ಬಾಯಲ್ಲಿ ಏನೇ ಹೇಳಲಿ, ಗುಣ ಬದಲಾಗಿದೆ ಅಂತ ಅವನ ಮನಸ್ಸು ಒಪ್ಪಿರುತ್ತದೆ. ನಮ್ಮ ಚಿಕ್ಕಪ್ಪನ ಶೆಡ್ಡಿನಲ್ಲೂ ಒಂದು ಪಂಪ್ ಇದೆ ಅಂತ ಇಲ್ಲಿ ಮೆಲ್ಲಗೆ ಹೇಳಿರುತ್ತೇನೆ.

ತೋಟದೊಳಗೆ ಇನ್ನೊಂದು ಪುಟ್ಟ ಕ್ಲೈಮೇಟ್ ಇದೆ, ಅದನ್ನು ನಾವೇ ಕತ್ತಿ ಹಿಡಿದು ಮಾಡಿದ್ದು. ನೆರಳಿನ ಮರಗಳು ಬೇಸಿಗೆಯಲ್ಲಿ ತಂಪು ಕಾಯುತ್ತವೆ. ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡಿ, ಅಂದರೆ ಕೊಂಬೆ ಕಡಿದು, ಬೆಳಕು ಬಿಡಬೇಕು. ಬಿಡದಿದ್ದರೆ ಜುಲೈ ಆಗಸ್ಟಿನ ಕತ್ತಲೆ ತೇವದಲ್ಲಿ ಎಲೆ, ಕಾಯಿ ಕಪ್ಪಾಗಿ ಜೋತುಬೀಳುತ್ತವೆ, ಕೊಳೆರೋಗ. ಈ ಪದದ ಪ್ರಯಾಣ ಸೊಗಸಾಗಿದೆ. 19ನೇ ಶತಮಾನದಲ್ಲಿ ಆ ಶಿಲೀಂಧ್ರಕ್ಕೆ ಹೆಸರಿಡುವಾಗ ಇಂಗ್ಲೆಂಡಿನ ವಿಜ್ಞಾನಿ ಕನ್ನಡದ 'ಕೊಳೆರೋಗ'ವನ್ನೇ ಲ್ಯಾಟಿನ್ ಹೆಸರಿಗೆ ಸೇರಿಸಿಬಿಟ್ಟ. ನಾವು ಅವರಿಂದ ಕ್ಲೈಮೇಟ್ ತಂದೆವು, ಅವರು ನಮ್ಮಿಂದ ಕೊಳೆರೋಗ ಒಯ್ದರು. ಮರಗಸಿಗೆ ಆಳು ಕರೆಯೋದು ಈ ವರ್ಷದ ಆಕಾಶ ನೋಡಿಕೊಂಡಲ್ಲ, ಜೂನ್ ಮೊದಲ ವಾರ ಮುಂಗಾರು ಅನ್ನೋ ಲೆಕ್ಕದ ಮೇಲೆ. ಮೇ ತಿಂಗಳಲ್ಲೇ ಜಡಿ ಹಿಡಿದ ವರ್ಷ ಮರ ಹತ್ತುವವರು ಜಾರಿ ಬೀಳೋ ಭಯದಲ್ಲಿ ಮನೆಯಲ್ಲೇ ಕೂರುತ್ತಾರೆ.

ಆ 'ಲೆಕ್ಕ'ವೂ ಕಲ್ಲಿನಲ್ಲಿ ಕೆತ್ತಿದ್ದಲ್ಲ. 1875ರಲ್ಲಿ ಶುರುವಾದ ನಮ್ಮ ಹವಾಮಾನ ಇಲಾಖೆ ದೇಶದ ಮುಂಗಾರಿಗೆ ಒಂದು ಸರಾಸರಿ ಇಟ್ಟುಕೊಂಡಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಷ್ಟು ಬಿದ್ದರೆ 'ವಾಡಿಕೆ ಮಳೆ'. 1951-2000ರ ಲೆಕ್ಕದಲ್ಲಿ ಅದು 89 ಸೆಂಟಿಮೀಟರ್ ಇತ್ತು. ಆಮೇಲೆ 1961-2010ರ ಲೆಕ್ಕ ಹಿಡಿದಾಗ 88. ಈಗ 1971-2020ರ ಲೆಕ್ಕದಲ್ಲಿ 87. ಹಿಂದೆ 'ವಾಡಿಕೆಗಿಂತ ಸ್ವಲ್ಪ ಕಮ್ಮಿ' ಅನ್ನಿಸಿಕೊಳ್ಳುತ್ತಿದ್ದ ಮಳೆ ಈಗ ವಾಡಿಕೆಯೇ. ಅಷ್ಟಕ್ಕೇ ದೇಶದ ಮಳೆ ಕುಸಿದುಹೋಯಿತು ಅಂತ ಕೂಗೋದು ಬೇಡ, ಮಳೆಯಲ್ಲಿ ದಶಕಗಟ್ಟಲೆ ಏರಿಳಿತ ಇರುತ್ತದೆ. ಆದರೆ ವಾಡಿಕೆ ಅನ್ನೋದೂ ಜರುಗುತ್ತದೆ ಅಂತ ನೆನಪಿರಲಿ.

ಸರಾಸರಿಗೆ ಇನ್ನೊಂದು ಕೆಟ್ಟ ಚಾಳಿ ಇದೆ. ಅದು ಎಷ್ಟು ಮಳೆ ಅಂತ ಹೇಳುತ್ತದೆ, ಹೇಗೆ ಬಂತು ಅಂತ ಹೇಳುವುದಿಲ್ಲ. 30 ದಿನ ದಿನಕ್ಕೊಂದು ಇಂಚು ಬಂದರೂ 30 ಇಂಚು. 20 ದಿನ ಖಾಲಿ ಬಿಟ್ಟು 10 ದಿನದಲ್ಲಿ ಮೂರು ಮೂರು ಇಂಚು ಸುರಿದರೂ 30 ಇಂಚು. ಮೊದಲನೆಯದು ಗದ್ದೆಗೆ ಹಬ್ಬ, ಎರಡನೆಯದು ಗುಡ್ಡದ ಬರೆ ಕುಸಿಯೋ ಬಗೆ. ಅದಕ್ಕೇ ಅಪ್ಪನ ಪುಸ್ತಕದಲ್ಲಿ ನಾನು ವರ್ಷದ ಮೊತ್ತ ನೋಡೋದು ಬಿಟ್ಟಿದ್ದೇನೆ. ಮಳೆ ಬಾರದ ದಿನಗಳ ಖಾಲಿ ಸಾಲು ಎಲ್ಲೆಲ್ಲಿ ಇವೆ ಅಂತ ನೋಡುತ್ತೇನೆ.

ಇಂಜಿನಿಯರುಗಳು ನೋಡೋದೂ ಇಂಥದ್ದನ್ನೇ. ರಸ್ತೆಯ ಅಡಿಗೆ ಮೋರಿ ಹಾಕುವಾಗ 25 ವರ್ಷಕ್ಕೊಮ್ಮೆ ಬರೋ ಮಳೆ, 50 ವರ್ಷಕ್ಕೊಮ್ಮೆ ಬರೋ ಮಳೆ ಅಂತ ಲೆಕ್ಕ ಹಿಡಿಯುತ್ತಾರೆ. 50 ವರ್ಷಕ್ಕೊಮ್ಮೆ ಅಂದರೆ ಈ ವರ್ಷ ಬಂದರೆ ಇನ್ನು 49 ವರ್ಷ ನಿಶ್ಚಿಂತೆ ಅಂತಲ್ಲ. ಪ್ರತಿ ವರ್ಷವೂ ನೂರಕ್ಕೆ ಎರಡರಷ್ಟು ಸಾಧ್ಯತೆ ಇದೆ ಅಂತ. ಆ ಸಾಧ್ಯತೆ ಹಳೇ ದಾಖಲೆಯಿಂದ ಬಂದದ್ದು. ದಾಖಲೆಯ ಕಾಲದ ಹವಾಗುಣ ಬೇರೆ, ಮೋರಿ ಬಾಳಬೇಕಾದ ಕಾಲದ ಹವಾಗುಣ ಬೇರೆ ಆದರೆ ಪೈಪು ಸಾಲದೆ ಬರುತ್ತದೆ.

ನಮ್ಮ ಗೇಟಿನ ಮುಂದೆ ಹಳೇ ಮೋರಿ ಒಂದಿತ್ತು, ಸಿಮೆಂಟ್ ಪೈಪು. ಅದನ್ನು ತೆಗೆಸಿ ದೊಡ್ಡದು ಹಾಕಿಸೋಣ ಅಂದಾಗ ಮನೆಯಲ್ಲಿ ಒಂದು ವಾರ ಚರ್ಚೆ ನಡೆಯಿತು. ಚಿಕ್ಕಪ್ಪ ಬಂದು ನಿಂತು ನೋಡಿದರು. "ಈ ವರ್ಷ ಅಷ್ಟು ಮಳೆ ಬರುತ್ತೆ ಅಂತ ಯಾರು ಹೇಳಿದ್ದು ನಿಂಗೆ?" ಅಂದರು. ಯಾರೂ ಹೇಳಿಲ್ಲ ಚಿಕ್ಕಪ್ಪ, ಈ ವರ್ಷಕ್ಕೆ ಅಂತ ಹಾಕಿಸ್ತಿಲ್ಲ ಅಂದೆ. ಅವರು ಪೈಪಿನ ಬಾಯಿಗೆ ಗೇಣು ಹಾಕಿ ಅಳೆದು, ಎಷ್ಟಾಯ್ತು ಅಂತ ಕೇಳಿ, ತಮ್ಮ ಗೇಟಿಗೂ ಅಂಥದ್ದೇ ಒಂದು ತರಿಸೋಕೆ ಗುತ್ತಿಗೆದಾರನ ಫೋನ್ ನಂಬರ್ ಬರೆದುಕೊಂಡು ಹೋದರು.